ಕಣ್ಣಿಗೆ ಸ್ಕೋಪ್, ಸ್ಕೋಪಿಗೆ ಕಾಲು
ಹಗುರವಾದ ಟ್ರೈಪಾಡ್ ಕೊಳ್ಳುವ ಮುನ್ನ

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಬಾಗಲಕೋಟೆ ಜಿಲ್ಲೆಯ ಬದುಕನ್ನೇ ಬದಲಿಸಿತು. ‘ಮುಳುಗಡೆ’ ಎಂಬ ಮಾತು ಕೇಳಿದರೆ ಬೀಳಗಿ ಕಡೆಯ ಹಿರಿಯರು ಇಂದಿಗೂ ಒಂದು ಕ್ಷಣ ಮೌನವಾಗುತ್ತಾರೆ. ಹೊಲ, ಮನೆ, ಊರು ನುಂಗಿದ ಆ ನೀರೇ ಬೇಸಿಗೆಯ ಹೊತ್ತಿಗೆ ಇಳಿದು, ದಂಡೆಯ ಉದ್ದಕ್ಕೂ ಕೆಸರು ಬಯಲನ್ನು ಬಿಟ್ಟುಕೊಡುತ್ತದೆ. ಆಗ ಅಲ್ಲಿಗೆ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಬಂದಿಳಿಯುತ್ತವೆ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರುವ ಚಳಿಗಾಲದ ಅತಿಥಿ. ಬಣ್ಣದ ಕೊಕ್ಕರೆಗಳೂ ನದಿ ರೀವಗಳೂ ಅದೇ ನೀರಿನ ಮೇಲೆ ಬದುಕುತ್ತವೆ. ಕೃಷ್ಣೆಯೂ ಘಟಪ್ರಭೆಯೂ ಕೂಡುವ ಚಿಕ್ಕಸಂಗಮ, ಹೆರಕಲ್, ಅನಗವಾಡಿ ಸುತ್ತಿನ ಜನರಿಗೆ ಈ ಹಕ್ಕಿಗಳು ಹೊಸತಲ್ಲ.

ಆದರೆ ಅವು ದೂರದಲ್ಲಿರುತ್ತವೆ. ಬರಿಗಣ್ಣಿಗೆ ನೀರಿನ ಅಂಚಿನಲ್ಲಿ ಒಂದು ಬಿಳಿ ಗೆರೆ ಮಾತ್ರ ಕಾಣುತ್ತದೆ. ಹತ್ತಿರ ಹೋಗೋಣವೆಂದರೆ ಹಿನ್ನೀರಿನ ಕೆಸರು ನಂಬಿಕೆಗೆ ಯೋಗ್ಯವಲ್ಲ. ಮೇಲೆ ಒಣಗಿದಂತೆ ತೋರಿದರೂ ಕೆಳಗೆ ಮೊಣಕಾಲು ಮುಳುಗುವಷ್ಟು ರಾಡಿ ಇರಬಹುದು. ಮಕ್ಕಳನ್ನು ಕರೆದುಕೊಂಡು ಹೋದ ತಾಯಿ ಅಲ್ಲಿ ಒಂದು ಹೆಜ್ಜೆಯನ್ನೂ ಮುಂದಿಡಬಾರದು. ಹಕ್ಕಿಗಳಿಗೂ ನಾವು ಹತ್ತಿರ ಹೋಗುವುದು ಬೇಡ. ಒಮ್ಮೆ ಬೆದರಿ ಎದ್ದರೆ ಅವು ಮೇಯುವ ಹೊತ್ತನ್ನು ಕಳೆದುಕೊಳ್ಳುತ್ತವೆ.

ದಂಡೆಯ ಗಟ್ಟಿ ನೆಲದಲ್ಲೇ ನಿಂತು ನೋಡಲು ಇರುವ ಸಾಧನವೇ ಸ್ಪಾಟಿಂಗ್ ಸ್ಕೋಪ್. ಇದು ಒಂದೇ ಕಣ್ಣಿನಿಂದ ನೋಡುವ ಚಿಕ್ಕ ದೂರದರ್ಶಕ. ಕೈಯಲ್ಲಿ ಹಿಡಿಯುವ ಬೈನಾಕ್ಯುಲರ್ ಸಾಮಾನ್ಯವಾಗಿ 8 ಅಥವಾ 10 ಪಟ್ಟು ದೊಡ್ಡದಾಗಿ ತೋರಿಸಿದರೆ, 50ರಿಂದ 65 ಮಿಲಿಮೀಟರ್ ಮಸೂರದ ಚಿಕ್ಕ ಸ್ಕೋಪ್ 15ರಿಂದ 45 ಪಟ್ಟಿನವರೆಗೆ ತೋರಿಸಬಲ್ಲದು. ಒಂದು ಕಿಲೋಮೀಟರ್ ದೂರದ ರಾಜಹಂಸ 20 ಪಟ್ಟಿನಲ್ಲಿ 50 ಮೀಟರ್ ದೂರದಲ್ಲಿ ನಿಂತಂತೆ ಕಾಣುತ್ತದೆ. ಅದರ ಬಾಗಿದ ಕೊಕ್ಕು, ಗುಲಾಬಿ ಕಾಲು ಎಲ್ಲವೂ ತಿಳಿಯುತ್ತವೆ.

ಇಲ್ಲಿಯೇ ಹಲವು ಮನೆಗಳಲ್ಲಿ ಲೆಕ್ಕ ತಪ್ಪುತ್ತದೆ. ಇದ್ದ ಹಣವನ್ನೆಲ್ಲ ಸ್ಕೋಪಿಗೆ ಹಾಕಿ, ಉಳಿದ ಚಿಲ್ಲರೆಯಲ್ಲಿ ಮೊಬೈಲ್ ಸ್ಟ್ಯಾಂಡಿನಂತಹ ತೆಳ್ಳನೆಯ ಟ್ರೈಪಾಡ್ ತರುತ್ತಾರೆ. ಹೊಳೆದಂಡೆಯಲ್ಲಿ ಹೂಡಿ ನೋಡಿದರೆ ಚಿತ್ರ ಗಡಗಡ ನಡುಗುತ್ತದೆ. “ಸ್ಕೋಪ್ ಸರಿಯಿಲ್ಲ” ಎಂದು ಅದು ಕಪಾಟು ಸೇರುತ್ತದೆ. ತಪ್ಪು ಗಾಜಿನದಲ್ಲ, ಕಾಲಿನದು.

20 ಪಟ್ಟಿನ ಗುಟ್ಟು

ಸ್ಕೋಪ್ ಹಕ್ಕಿಯನ್ನು 20 ಪಟ್ಟು ಹಿಗ್ಗಿಸುವಾಗ ಅಲುಗಾಟವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಕೈಯ ಸಣ್ಣ ಕಂಪನ, ಗಾಳಿಯ ಒಂದು ಬೀಸು, ಗಮನಿಸಲೂ ಆಗದಷ್ಟು ಸಣ್ಣ ಅಲುಗಾಟ ಸಾಕು. ಕಣ್ಣಿಗೆ ಅದು ಭೂಕಂಪದಂತೆ ತೋರುತ್ತದೆ. ಆದ್ದರಿಂದಲೇ ಸ್ಕೋಪನ್ನು ಕೈಯಲ್ಲಿ ಹಿಡಿದು ನೋಡಲಾಗದು.

ನೋಡುವ ಉಪಕರಣವನ್ನು ಸ್ಥಿರವಾಗಿ ನಿಲ್ಲಿಸುವುದು ಹಳೆಯ ಕಾಲದ ಸಮಸ್ಯೆಯೂ ಹೌದು. ನಮ್ಮ ಪೂರ್ವಿಕ ಖಗೋಳಜ್ಞರು ಬಳಸುತ್ತಿದ್ದ ಅಸ್ತರ್ಲಾಬ್ ಎಂಬ ಲೋಹದ ಬಿಲ್ಲೆಯ ನೆತ್ತಿಯಲ್ಲಿ ಒಂದು ಉಂಗುರವಿರುತ್ತಿತ್ತು. ಅದನ್ನು ಬೆರಳಿಗೆ ತೂಗುಬಿಟ್ಟರೆ ಬಿಲ್ಲೆ ತನ್ನ ಭಾರದಿಂದಲೇ ನೆಟ್ಟಗೆ ನಿಲ್ಲುತ್ತಿತ್ತು. 10ನೇ ಶತಮಾನದಲ್ಲಿ ಅಲೆಪ್ಪೋದ ಸೈಫುದ್ದೌಲರ ಆಸ್ಥಾನದಲ್ಲಿ ಇಂತಹ ಉಪಕರಣಗಳ ತಯಾರಿಕೆಯಲ್ಲಿ ಪಳಗಿದ ಮಹಿಳೆಯೊಬ್ಬರಿದ್ದರು. ಇಬ್ನ್ ಅನ್ನದೀಮ್ ತನ್ನ ‘ಫಿಹ್‌ರಿಸ್ತ್’ನಲ್ಲಿ ಅವರನ್ನು ಅಲ್-ಇಜ್‌ಲಿಯ್ಯಾ ಎಂದು ಹೆಸರಿಸಿದ್ದಾನೆ. ಉಪಕರಣದ ಆಯ್ಕೆ ಎಂದರೆ ಗಂಡಸರ ಕೆಲಸವೆಂದು ಬದಿಗೆ ಸರಿಯುವ ಸಹೋದರಿಯರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಹಗುರವೇ ಏಕೆ?

ಸ್ಥಿರತೆ ಬೇಕೆಂದರೆ ಭಾರವಾದ ಟ್ರೈಪಾಡ್ ತಂದರಾಯಿತಲ್ಲ ಎಂದು ಕೇಳಬಹುದು. ಮಾತು ನಿಜ. ಮೂರ್ನಾಲ್ಕು ಕಿಲೋ ತೂಗುವ ಟ್ರೈಪಾಡ್ ಬಂಡೆಯಂತೆ ನಿಲ್ಲುತ್ತದೆ. ಆದರೆ ಅದನ್ನು ಹೊರುವವರು ಯಾರು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಜಮಖಂಡಿಯಿಂದಲೋ ಬನಹಟ್ಟಿಯಿಂದಲೋ ಬೀಳಗಿಯವರೆಗೆ ಬಸ್ಸಿನಲ್ಲಿ ಹೋಗಿಬರಲು ಹೆಣ್ಣುಮಕ್ಕಳಿಗೆ ಟಿಕೆಟಿನ ಖರ್ಚಿಲ್ಲ. ಆದರೆ ಒಂದು ಕೈಯಲ್ಲಿ ಮಗು, ಹೆಗಲಲ್ಲಿ ಬುತ್ತಿ ಮತ್ತು ನೀರಿನ ಚೀಲ ಇರುತ್ತದೆ. ಅದರ ಜೊತೆ ನಾಲ್ಕು ಕಿಲೋ ಕಬ್ಬಿಣ ಹೊರಲು ಯಾರೂ ಒಪ್ಪುವುದಿಲ್ಲ. ಎರಡನೆಯ ಸಲ ಅದು ಮನೆಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಉಳಿದ ಟ್ರೈಪಾಡ್ ಎಷ್ಟು ಗಟ್ಟಿಯಾಗಿದ್ದರೇನು ಪ್ರಯೋಜನ?

ಚಿಕ್ಕ ಸ್ಕೋಪಿನ ತೂಕ ಸಾಮಾನ್ಯವಾಗಿ ಅರ್ಧ ಕಿಲೋದಿಂದ ಒಂದು ಕಿಲೋ. ಅದಕ್ಕೆ ಒಂದು ಕಿಲೋ ಆಸುಪಾಸಿನ ಕಾಲುಗಳು, ಮುನ್ನೂರು-ನಾನೂರು ಗ್ರಾಂನ ತಲೆ ಸೇರಿದರೆ ಒಟ್ಟು ಎರಡು-ಎರಡೂವರೆ ಕಿಲೋದಲ್ಲಿ ಕೆಲಸ ಮುಗಿಯುತ್ತದೆ. ಮಡಚಿದಾಗ 45ರಿಂದ 50 ಸೆಂಟಿಮೀಟರ್ ಉದ್ದವಿದ್ದರೆ ಹೆಗಲ ಚೀಲದಲ್ಲಿ ಹಿಡಿಯುತ್ತದೆ, ಬಸ್ಸಿನ ಸೀಟಿನ ಕೆಳಗೂ ಸೇರುತ್ತದೆ.

ಮೊದಲು ನಿಮ್ಮ ಎತ್ತರ ಅಳೆಯಿರಿ

ಅಂಗಡಿಯವರು ತೋರಿಸುವ ಬಹುಪಾಲು ಟ್ರೈಪಾಡುಗಳು ಎತ್ತರದ ಗಂಡಸು ನಿಂತು ನೋಡುವ ಲೆಕ್ಕದಲ್ಲಿರುತ್ತವೆ. ಐದು ಅಡಿ ಎತ್ತರದ ಮಹಿಳೆಗೆ ಅಷ್ಟು ಬೇಕಿಲ್ಲ. ಇದು ಕೊರತೆಯಲ್ಲ, ಲಾಭ. ಹೇಗೆಂದು ನೋಡೋಣ.

ಐದು ಅಡಿ ಎಂದರೆ 152 ಸೆಂಟಿಮೀಟರ್. ಕಣ್ಣು ನೆತ್ತಿಗಿಂತ ಸುಮಾರು 11 ಸೆಂಟಿಮೀಟರ್ ಕೆಳಗಿರುತ್ತದೆ. ಅಂದರೆ ಕಣ್ಣಿನ ಎತ್ತರ 141. ಇದರಲ್ಲಿ ಟ್ರೈಪಾಡಿನ ತಲೆಗೆ ಸುಮಾರು 10, ಸ್ಕೋಪಿನ ಪಾದದಿಂದ ಕಣ್ಣಿಡುವ ಜಾಗದವರೆಗೆ ಸುಮಾರು 7 ಸೆಂಟಿಮೀಟರ್ ಕಳೆಯಿರಿ. ಉಳಿಯುವುದು 124. ಅಷ್ಟೆತ್ತರದ ಕಾಲುಗಳಿದ್ದರೆ ನೀವು ನೆಟ್ಟಗೆ ನಿಂತು ನೋಡಬಹುದು. ಐದು ಅಡಿ ಒಂಬತ್ತು ಇಂಚು ಎತ್ತರದವರಿಗೆ ಇದೇ ಲೆಕ್ಕದಲ್ಲಿ 147 ಸೆಂಟಿಮೀಟರ್ ಬೇಕು. ಆ 23 ಸೆಂಟಿಮೀಟರ್ ವ್ಯತ್ಯಾಸದಲ್ಲಿಯೇ ನಿಮ್ಮ ಹೆಗಲಿನ ಭಾರವೂ ಕೈಯ ಹಣವೂ ಉಳಿಯುತ್ತವೆ.

ಟ್ರೈಪಾಡಿನ ಕಾಲುಗಳು ಒಂದರೊಳಗೊಂದು ಸೇರುವ ನಳಿಗೆಗಳು. ಮೇಲಿನದು ದಪ್ಪ, ಕೆಳಕೆಳಗೆ ಹೋದಂತೆ ತೆಳು. ನಡುಕ ಹುಟ್ಟುವುದು ಹೆಚ್ಚಾಗಿ ಕೊನೆಯ ತೆಳು ನಳಿಗೆಯಲ್ಲಿ. ಎತ್ತರ ಕಡಿಮೆ ಸಾಕಾದವರು ಆ ನಳಿಗೆಯನ್ನು ಪೂರ್ತಿ ಎಳೆಯಬೇಕಾಗಿಯೇ ಇಲ್ಲ. ಆದ್ದರಿಂದ ಅದೇ ಹಗುರ ಟ್ರೈಪಾಡ್ ಎತ್ತರದವರ ಕೈಯಲ್ಲಿ ನಡುಗಿದರೂ ನಿಮ್ಮ ಕೈಯಲ್ಲಿ ಗಟ್ಟಿಯಾಗಿ ನಿಲ್ಲಬಹುದು.

ಒಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ‘ಗರಿಷ್ಠ ಎತ್ತರ’ದಲ್ಲಿ ಮಧ್ಯದ ಕಂಬವನ್ನು ಪೂರ್ತಿ ಮೇಲೆತ್ತಿದ ಎತ್ತರವೂ ಸೇರಿರುತ್ತದೆ. ಆ ಕಂಬ ಎತ್ತಿದ ಕೂಡಲೇ ಮೂರು ಕಾಲಿನ ಮೇಲೆ ಒಂಟಿ ಕಾಲು ನಿಲ್ಲಿಸಿದಂತಾಗುತ್ತದೆ. ಸ್ಕೋಪಿಗೆ ಅದು ಸಲ್ಲದು. ಕಂಬ ಎತ್ತದೆ ಎಷ್ಟು ಎತ್ತರ ಎಂದು ಕೇಳಿ, ಅಂಗಡಿಯಲ್ಲೇ ಟೇಪು ಹಿಡಿದು ಅಳೆಯಿರಿ.

ಕಾಲಿನ ಗುಣ

ನಳಿಗೆಯ ದಪ್ಪ: ತೂಕ ಒಂದೇ ಇದ್ದರೂ ದಪ್ಪ ನಳಿಗೆ ತೆಳು ನಳಿಗೆಗಿಂತ ಎಷ್ಟೋ ಪಾಲು ಕಡಿಮೆ ಬಾಗುತ್ತದೆ. ಎರಡು ಟ್ರೈಪಾಡುಗಳ ನಡುವೆ ಅನುಮಾನ ಬಂದರೆ ಕೊನೆಯ ನಳಿಗೆ ಯಾವುದರದು ದಪ್ಪವೋ ಅದನ್ನೇ ಆರಿಸಿ.

ತುಂಡುಗಳು: ಮೂರು ತುಂಡಿನ ಕಾಲು ಹೆಚ್ಚು ಗಟ್ಟಿ, ಆದರೆ ಮಡಚಿದಾಗ ಉದ್ದ. ನಾಲ್ಕು ತುಂಡಿನದು ಗಿಡ್ಡವಾಗಿ ಮಡಚುತ್ತದೆ. ಬಸ್ಸಿನಲ್ಲಿ ಓಡಾಡುವವರಿಗೆ ನಾಲ್ಕು ಸಾಕು. ಐದು ತುಂಡಿನದರಲ್ಲಿ ಕೊನೆಯದು ಬಹಳ ತೆಳುವಾಗಿಬಿಡುತ್ತದೆ.

ಲೋಹವೋ ಕಾರ್ಬನ್ನೋ: ಕಾರ್ಬನ್ ಫೈಬರ್ ಕಾಲುಗಳು ಅಲ್ಯೂಮಿನಿಯಂಗಿಂತ ಹಗುರ. ಕಂಪನವನ್ನೂ ಬೇಗ ಅಡಗಿಸುತ್ತವೆ. ಬೆಲೆ ಮಾತ್ರ ಅನೇಕ ವೇಳೆ ಎರಡು ಪಟ್ಟು. ಕಡಿಮೆ ಎತ್ತರ ಸಾಕಾದವರಿಗೆ ಒಳ್ಳೆಯ ಅಲ್ಯೂಮಿನಿಯಂ ಟ್ರೈಪಾಡೇ ಸಾಲುತ್ತದೆ. ತೆಳ್ಳನೆಯ ಅಗ್ಗದ ಕಾರ್ಬನ್‌ಗಿಂತ ದಪ್ಪನೆಯ ಅಲ್ಯೂಮಿನಿಯಂ ಮೇಲು.

ಬಿಗಿಯುವ ಕೊಂಡಿ: ಕೆಲವದರಲ್ಲಿ ತಿರುಗಿಸಿ ಬಿಗಿಯುವ ಉಂಗುರ, ಕೆಲವದರಲ್ಲಿ ಒತ್ತಿ ಮುಚ್ಚುವ ಕ್ಲಿಪ್ ಇರುತ್ತದೆ. ಕ್ಲಿಪ್ ತೆರೆದಿದೆಯೋ ಮುಚ್ಚಿದೆಯೋ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಮಕ್ಕಳಿರುವ ಮನೆಗೆ ಅನುಕೂಲ. ಉಂಗುರದ್ದು ಹೆಚ್ಚು ನಯವಾದರೂ ಹೊಳೆಯ ಉಸುಕು ಒಳಗೆ ಹೋದರೆ ಕರಕರ ಎನ್ನುತ್ತದೆ, ಬಿಚ್ಚಿ ತೊಳೆಯಬೇಕಾಗುತ್ತದೆ.

ಹೊರುವ ಸಾಮರ್ಥ್ಯ: ‘ಐದು ಕಿಲೋ ಹೊರುತ್ತದೆ’ ಎಂದು ಬರೆದಿರುವುದನ್ನು ನೋಡಿ ನಂಬಬೇಡಿ. ಮುರಿಯದೆ ಹೊರುವುದು ಬೇರೆ, ಅಲುಗದೆ ಹೊರುವುದು ಬೇರೆ. ಈ ಅಂಕಿಯನ್ನು ಎಲ್ಲ ಕಂಪೆನಿಗಳೂ ಒಂದೇ ಅಳತೆಗೋಲಿನಿಂದ ಕೊಡುವುದೂ ಇಲ್ಲ. ಸ್ಕೋಪಿನ ತೂಕಕ್ಕಿಂತ ಮೂರು ಪಟ್ಟಾದರೂ ಹೆಚ್ಚಿರಲಿ. ಆದರೆ ಕೊನೆಯ ತೀರ್ಮಾನ ನಿಮ್ಮ ಕಣ್ಣಿನದಾಗಲಿ.

ತಲೆಯ ಆಯ್ಕೆ

ಕಾಲುಗಳ ಮೇಲೆ ಸ್ಕೋಪನ್ನು ತಿರುಗಿಸುವ ಭಾಗವೇ ತಲೆ. ಫೋಟೋ ತೆಗೆಯುವವರು ಮೆಚ್ಚುವ ಗುಂಡು ತಲೆ, ಅಂದರೆ ಬಾಲ್ ಹೆಡ್, ಸ್ಕೋಪಿಗೆ ಅಷ್ಟು ಒಗ್ಗುವುದಿಲ್ಲ. ಸಡಿಲಿಸಿದ ಕೂಡಲೇ ಅದು ಎಲ್ಲ ಕಡೆಗೂ ವಾಲುತ್ತದೆ. ಸ್ಕೋಪ್ ತಲೆಬಾಗಿ ಕಾಲಿಗೆ ಬಡಿಯಲೂಬಹುದು. ಒಂದೇ ಹಿಡಿಯಿಂದ ಮೇಲೆ-ಕೆಳಗೆ, ಎಡ-ಬಲ ನಿಧಾನವಾಗಿ ತಿರುಗುವ ಚಿಕ್ಕ ವಿಡಿಯೋ ತಲೆ ಒಳ್ಳೆಯದು. ಹಿಡಿ ಬಿಟ್ಟಾಗ ಸ್ಕೋಪ್ ಇದ್ದಲ್ಲೇ ನಿಲ್ಲಬೇಕು. ಕುಸಿಯಲೂಬಾರದು, ಹಿಂದಕ್ಕೆ ಪುಟಿಯಲೂಬಾರದು.

ಸ್ಕೋಪಿನ ಪಾದದಲ್ಲಿ ಸಾಮಾನ್ಯವಾಗಿ ಕಾಲು ಇಂಚಿನ ಸ್ಕ್ರೂ ಕೂರುವ ತೂತಿರುತ್ತದೆ. ತಲೆಯೊಂದಿಗೆ ಬರುವ ಪ್ಲೇಟನ್ನು ಅಲ್ಲಿಗೆ ಬಿಗಿಯಬೇಕು. ಸ್ಕೋಪಿನ ಭಾರ ಮುಂದಕ್ಕೋ ಹಿಂದಕ್ಕೋ ವಾಲದಂತೆ ಪ್ಲೇಟನ್ನು ಸರಿಸಿ ಕೂರಿಸಿದರೆ ಅರ್ಧ ನಡುಕ ಅಲ್ಲಿಗೇ ನಿಲ್ಲುತ್ತದೆ. ಸ್ಕೋಪಿಗೆ ಮೊಬೈಲ್ ಜೋಡಿಸಿ ಫೋಟೋ ತೆಗೆಯುವುದಾದರೆ ಭಾರ ಹಿಂದಕ್ಕೆ ಹೆಚ್ಚುತ್ತದೆ. ಪ್ಲೇಟನ್ನು ಮತ್ತೊಮ್ಮೆ ಸರಿಸಬೇಕು.

ಸ್ಕೋಪನ್ನು ಇನ್ನೂ ಕೊಂಡಿಲ್ಲವಾದರೆ ಒಂದು ಸಲಹೆ. ಕಣ್ಣಿಡುವ ಭಾಗ ನೇರವಾಗಿರುವ ಸ್ಕೋಪ್ ಒಂದು ಬಗೆ, 45 ಡಿಗ್ರಿ ಮೇಲಕ್ಕೆ ಬಾಗಿರುವುದು ಇನ್ನೊಂದು ಬಗೆ. ಕುಟುಂಬಕ್ಕೆ ಬಾಗಿದ ಬಗೆಯೇ ಲೇಸು. ಟ್ರೈಪಾಡನ್ನು ತಗ್ಗಿಸಿ ನಿಲ್ಲಿಸಿ, ತಾಯಿ ಸ್ವಲ್ಪ ಬಾಗಿ ನೋಡಬಹುದು. ಹತ್ತು ವರ್ಷದ ಮಗಳು ನಿಂತೇ ನೋಡಬಹುದು. ಪ್ರತಿಯೊಬ್ಬರಿಗೂ ಎತ್ತರ ಬದಲಿಸುವ ತೊಂದರೆ ಇಲ್ಲ. ತಗ್ಗಿದ ಟ್ರೈಪಾಡ್ ಇನ್ನೂ ಹಗುರವಾಗಿರಬಹುದು, ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ.

ಅಂಗಡಿಯಲ್ಲಿ ಮಾಡುವ ಪರೀಕ್ಷೆ

ಹುಬ್ಬಳ್ಳಿ, ಬೆಳಗಾವಿಯಂತಹ ಊರಿನ ಕ್ಯಾಮೆರಾ ಅಂಗಡಿಗೆ ಹೋಗುವಾಗ ನಿಮ್ಮ ಸ್ಕೋಪನ್ನೂ ಒಯ್ಯಿರಿ. ನಿಮ್ಮ ಕಣ್ಣಿನ ಎತ್ತರಕ್ಕೆ ಕಾಲು ಎಳೆದು, ಸ್ಕೋಪ್ ಕೂರಿಸಿ, ಬೀದಿಯಾಚೆಯ ಒಂದು ನಾಮಫಲಕಕ್ಕೆ ಗುರಿಯಿಟ್ಟು 30 ಪಟ್ಟಿಗೆ ತಿರುಗಿಸಿ. ಈಗ ಒಂದು ಕಾಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಅಕ್ಷರಗಳು ನಡುಗಿ ಮತ್ತೆ ನಿಲ್ಲುವವರೆಗೆ ಮನಸ್ಸಿನಲ್ಲೇ ಎಣಿಸಿ. ಎರಡು ಎಣಿಸುವುದರೊಳಗೆ ನಿಂತರೆ ಉತ್ತಮ. ನಾಲ್ಕೈದು ಎಣಿಸಿದರೂ ತೂಗಾಡುತ್ತಿದ್ದರೆ ಎಷ್ಟೇ ಅಗ್ಗವಾಗಿರಲಿ ಬೇಡ. ಆನ್‌ಲೈನಿನಲ್ಲಿ ತರಿಸುವವರು ಮರಳಿಸುವ ಅವಧಿ ಇರುವುದನ್ನೇ ತರಿಸಿ, ಬಂದ ದಿನವೇ ಮನೆಯಂಗಳದಲ್ಲಿ ಈ ಪರೀಕ್ಷೆ ಮಾಡಬೇಕು.

ನಮ್ಮ ನೆಲ, ನಮ್ಮ ಗಾಳಿ

ಒಳ್ಳೆಯ ಟ್ರೈಪಾಡನ್ನೂ ನಿಲ್ಲಿಸುವ ಬಗೆ ತಿಳಿದಿರಬೇಕು. ಒಂದು ಕಾಲು ಹಕ್ಕಿಯ ಕಡೆಗೆ ಇರಲಿ, ಉಳಿದೆರಡರ ನಡುವೆ ನೀವು ನಿಲ್ಲಿ. ಬುರ್ಖಾದ ಅಂಚು, ದುಪಟ್ಟಾದ ತುದಿ ಗಾಳಿಗೆ ಹಾರಿ ಕಾಲಿಗೆ ಸಿಕ್ಕದಂತೆ ಒಳಗೆ ಸೇರಿಸಿಕೊಳ್ಳಿ. ಹಿನ್ನೀರಿನ ಬಯಲಿನಲ್ಲಿ ಗಾಳಿಗೆ ತಡೆಯೇ ಇಲ್ಲ. ಹೆಚ್ಚಿನ ಟ್ರೈಪಾಡುಗಳ ಮಧ್ಯದ ಕಂಬದ ಕೆಳಗೆ ಒಂದು ಕೊಕ್ಕೆ ಇರುತ್ತದೆ. ಬುತ್ತಿಯ ಚೀಲವನ್ನು ಅದಕ್ಕೆ ತೂಗುಹಾಕಿ, ಆದರೆ ಚೀಲದ ತಳ ನೆಲಕ್ಕೆ ತಾಗಿರಲಿ. ಇಲ್ಲವಾದರೆ ಚೀಲವೇ ಓಲಾಡಿ ಸ್ಕೋಪನ್ನೂ ಓಲಾಡಿಸುತ್ತದೆ. ಗಾಳಿ ಇನ್ನೂ ಜೋರಾದರೆ ಟ್ರೈಪಾಡನ್ನು ತಗ್ಗಿಸಿ, ಚಾಪೆ ಹಾಸಿ ಕುಳಿತು ನೋಡುವುದು ಎಲ್ಲಕ್ಕಿಂತ ಸುಲಭ.

ಎರೆ ಮಣ್ಣು ಹಸಿಯಾಗಿದ್ದರೆ ಟ್ರೈಪಾಡಿನ ಕಾಲುಗಳು ನಿಧಾನವಾಗಿ ಇಳಿಯುತ್ತವೆ. ಪ್ರತಿ ಕಾಲಿನ ಕೆಳಗೆ ಒಂದು ಚಪ್ಪಟೆ ಕಲ್ಲು ಇಡಿ. ಸಾಮಾನ್ಯವಾಗಿ ದಪ್ಪ ನಳಿಗೆಯನ್ನು ಮೊದಲು ಎಳೆಯಬೇಕು. ಕೆಸರಿರುವಲ್ಲಿ ಮಾತ್ರ ಕೊನೆಯದನ್ನು ಒಂದಿಷ್ಟು ಎಳೆದುಕೊಳ್ಳಿ, ಆಗ ಕೊಂಡಿಗೆ ರಾಡಿ ತಾಗುವುದಿಲ್ಲ. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿಯೇ ಮಡಚಿಡಿ.

ಕೊರ್ತಿ–ಕೊಲ್ಹಾರ ಸೇತುವೆಯಂತಹ ಉದ್ದನೆಯ ಸೇತುವೆಗಳ ಮೇಲಿಂದ ನೀರು ಚೆನ್ನಾಗಿ ಕಾಣುತ್ತದೆಂದು ಅಲ್ಲಿ ಟ್ರೈಪಾಡ್ ಹೂಡಬಾರದು. ವಾಹನಗಳ ಅಪಾಯ ಒಂದೆಡೆಯಾದರೆ, ಪ್ರತಿ ಲಾರಿಗೂ ಸೇತುವೆ ಅದುರಿ ಚಿತ್ರ ಕಲಕುತ್ತದೆ. ರಬಕವಿ-ಬನಹಟ್ಟಿಯ ನೇಕಾರ ಓಣಿಗಳಲ್ಲೂ ಇದೇ ಮಾತು. ಕೆಳಗೆ ವಿದ್ಯುತ್ ಮಗ್ಗ ಓಡುತ್ತಿರುವಾಗ ಮಾಳಿಗೆಯ ಮೇಲೆ ಎಷ್ಟು ದುಬಾರಿ ಟ್ರೈಪಾಡ್ ಇಟ್ಟರೂ ಅದುರು ತಪ್ಪದು. ಮಗ್ಗ ನಿಂತ ಹೊತ್ತು ನೋಡಿ, ಇಲ್ಲವೇ ಅಂಗಳಕ್ಕೆ ಇಳಿಯಿರಿ. ಇನ್ನು ಬೇಸಿಗೆಯ ನಡುಹಗಲಿನಲ್ಲಿ ಕಾದ ನೆಲದಿಂದ ಏಳುವ ಬಿಸಿಗಾಳಿ ಚಿತ್ರವನ್ನು ನೀರಿನಂತೆ ಕದಡುತ್ತದೆ. ಅದಕ್ಕೆ ಯಾವ ಟ್ರೈಪಾಡಿನಲ್ಲೂ ಮದ್ದಿಲ್ಲ. ಫಜ್ರ್ ನಮಾಝಿನ ನಂತರದ ತಂಪು ಹೊತ್ತೇ ಹಕ್ಕಿ ನೋಡಲು ಸರಿಯಾದ ಸಮಯ.

ಹಕ್ಕಿಗಳಷ್ಟೇ ಅಲ್ಲ. ಬೀಳಗಿ ಮತ್ತು ಮುಧೋಳ ತಾಲೂಕುಗಳ ನಡುವಿನ ಯಡಹಳ್ಳಿಯ ಕುರುಚಲು ಕಾಡು 2016ರಲ್ಲಿ ಚಿಂಕಾರ ವನ್ಯಜೀವಿ ಧಾಮವಾಯಿತು. ಅದರ ವಿಸ್ತೀರ್ಣ 96 ಚದರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಚಿಂಕಾರ ಬಹಳ ನಾಚಿಕೆಯ, ಸಪೂರ ಮೈಯ ಜಿಂಕೆ ಜಾತಿ. ಮನುಷ್ಯನ ಸುಳಿವು ಸಿಕ್ಕರೆ ಓಡಿಬಿಡುತ್ತದೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ದೂರದಿಂದ ಸದ್ದಿಲ್ಲದೆ ನೋಡುವವರಿಗೆ ಮಾತ್ರ ಅದು ಕಾಣಸಿಗುತ್ತದೆ.

ಇಪ್ಪತ್ತೊಂಬತ್ತರ ಸಂಜೆ

ಶಅಬಾನ್‌ನ, ರಮಝಾನ್‌ನ 29ರ ಸಂಜೆ ಮಾಳಿಗೆ ಏರಿ ಪಶ್ಚಿಮಕ್ಕೆ ಕಣ್ಣು ನೆಡದ ಮನೆ ನಮ್ಮಲ್ಲಿ ಯಾವುದಿದೆ? ಕೂದಲೆಳೆಯಂತಹ ಚಂದ್ರ ದಿಗಂತಕ್ಕೆ ಹತ್ತಿರದಲ್ಲಿ, ಮುಸ್ಸಂಜೆಯ ಬೆಳಕಿನಲ್ಲಿ ಅಡಗಿರುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಮುಳುಗಿಬಿಡುತ್ತಾನೆ. ಅವನನ್ನು ಹುಡುಕುವಾಗ ಸ್ಕೋಪನ್ನು ಕಡಿಮೆ ಪಟ್ಟಿಗೆ ಇಟ್ಟು, ದಿಗಂತದ ಉದ್ದಕ್ಕೂ ನಿಧಾನವಾಗಿ ಎಡದಿಂದ ಬಲಕ್ಕೆ ಸರಿಸಬೇಕು. ನಯವಾಗಿ ತಿರುಗುವ ತಲೆಯ ಬೆಲೆ ಆಗ ಗೊತ್ತಾಗುತ್ತದೆ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಎರಡೇ ನಿಮಿಷಗಳಲ್ಲಿ ಅವನು ತನ್ನ ಅಗಲದಷ್ಟು ದೂರ ಸರಿದಿರುತ್ತಾನೆ. ಒಬ್ಬರು ನೋಡಿ ಇನ್ನೊಬ್ಬರನ್ನು ಕರೆಯುವಷ್ಟರಲ್ಲಿ ಹಿಡಿಯನ್ನು ಒಂದಿಷ್ಟು ಸರಿಸಿದರೆ ಸಾಕು.

ಉಪಕರಣದಿಂದ ಕಂಡ ಚಂದ್ರನ ಸಾಕ್ಷ್ಯವನ್ನು ಹೇಗೆ ಪರಿಗಣಿಸಬೇಕೆಂಬುದು ಉಲಮಾಗಳು ತೀರ್ಮಾನಿಸುವ ವಿಷಯ. ಆದರೆ ಎಲ್ಲಿ ನೋಡಬೇಕೆಂಬುದನ್ನು ಸ್ಕೋಪ್ ತೋರಿಸಿಕೊಟ್ಟರೆ, ಅದೇ ಜಾಗದಲ್ಲಿ ಬರಿಗಣ್ಣಿಗೂ ಚಂದ್ರ ಸಿಗುವುದುಂಟು.

ಒಂದು ಮಾತನ್ನು ಮಾತ್ರ ಎಂದೂ ಮರೆಯಬಾರದು. ಸೂರ್ಯ ಪೂರ್ತಿ ಮುಳುಗುವವರೆಗೆ ಸ್ಕೋಪನ್ನು ಪಶ್ಚಿಮಕ್ಕೆ ತಿರುಗಿಸಲೇಬೇಡಿ. ಸ್ಕೋಪಿನೊಳಗಿಂದ ಸೂರ್ಯನನ್ನು ಒಂದು ಕ್ಷಣ ಕಂಡರೂ ಕಣ್ಣಿಗೆ ಮತ್ತೆ ಸರಿಯಾಗದಂತಹ ಹಾನಿಯಾಗಬಹುದು. ಹಗಲಿನಲ್ಲಿ ಟ್ರೈಪಾಡಿನ ಮೇಲೆ ಸ್ಕೋಪನ್ನು ಮುಚ್ಚಳವಿಲ್ಲದೆ, ಮಕ್ಕಳ ಕೈಗೆ ಸಿಗುವಂತೆ ಬಿಟ್ಟುಹೋಗಲೂಬಾರದು.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕೇ. ಮಧ್ಯದ ಕಂಬ ಎತ್ತದೆ ನನ್ನ ಕಣ್ಣಿನ ಎತ್ತರಕ್ಕೆ ಬರುತ್ತದೆಯೇ? ತಟ್ಟಿದರೆ ಎರಡು ಎಣಿಸುವುದರೊಳಗೆ ನಿಲ್ಲುತ್ತದೆಯೇ? ಹಿಡಿ ಬಿಟ್ಟರೆ ಸ್ಕೋಪ್ ಇದ್ದಲ್ಲೇ ಇರುತ್ತದೆಯೇ? ಮಗುವನ್ನೂ ಬುತ್ತಿಯನ್ನೂ ಹಿಡಿದು ಇದನ್ನೂ ಹೊತ್ತು ಒಂದು ಮೈಲಿ ನಡೆಯಬಲ್ಲೆನೇ? ನಾಲ್ಕಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಹೆಸರಾಂತ ಕಂಪೆನಿಯದಾಗಿರಲಿ, ಅಲ್ಲದಿರಲಿ, ಅದು ನಿಮ್ಮ ಟ್ರೈಪಾಡ್. ಮುಂದಿನ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಂಡೆಯ ಗಟ್ಟಿ ನೆಲದಲ್ಲಿ ಅದನ್ನು ಹೂಡಿ, ಮೊದಲು ಮಕ್ಕಳಿಗೆ ತೋರಿಸಿ. ಆ ಬಿಳಿ ಗೆರೆಯಲ್ಲಿ ಎಷ್ಟು ಹಕ್ಕಿಗಳಿವೆ ಎಂಬುದನ್ನು ಅವರೇ ಎಣಿಸಿ ಹೇಳಲಿ.